ಬಕೆಟ್ ಬೀದಿಯ ಪೈಪೋಟಿ: ತೊಂಬತ್ತೆರಡು

ನಂಬದವರು ಈಗಲೇ ಎದ್ದು ಹೋಗಲಿ, ಆಮೇಲೆ ನಡುವೆ ಕೆಮ್ಮಬಾರದು. ಪೇಟೆಗಳ ಪೈಪೋಟಿ ಅಳೆಯಲು ಒಂದು ಇಲಾಖೆಯಿತ್ತು; ಅದು ಪೈಪೋಟಿಯನ್ನು ಸದ್ದಿನಿಂದ ಅಳೆಯುತ್ತಿತ್ತು. ನಿಯಮ ಏಳು ಹೇಳುವಂತೆ, "ಪೈಪೋಟಿ ಇರುವಲ್ಲಿ ವ್ಯಾಪಾರಿಗಳು ಕೂಗುತ್ತಾರೆ. ಆದಕಾರಣ ಕೂಗೇ ಪೈಪೋಟಿ. ಮಾಪಕದ ಮುಳ್ಳು ನಲವತ್ತು ದಾಟಿದ ಪೇಟೆಯನ್ನು ಆರೋಗ್ಯವಂತ ಪೇಟೆಯೆಂದು ಪರಿಗಣಿಸತಕ್ಕದ್ದು."

ಅಲ್ಲಿಗೆ ಹಂಗಾಮಿ ಅಳತೆಗಾರನಾಗಿ ಸೇರಿದವನು ಕಹಳೆ. ಹೆಸರು ಹಳ್ಳಿ ಇಟ್ಟದ್ದು. ಅವನು ಕೆರೆಯ ಈ ದಡದಲ್ಲಿ ಕೂಗಿದರೆ ಆ ದಡದ ಎಮ್ಮೆ ಮೇಯುವುದು ಬಿಟ್ಟು ಮನೆ ದಾರಿ ಹಿಡಿಯುತ್ತಿತ್ತು. ಪಕ್ಕದೂರಿನ ಎಮ್ಮೆಗಳೂ ಬಂದುಬಿಡುತ್ತಿದ್ದವು, ಅದೇ ತೊಂದರೆ. ಆದರೂ ಸೋದರತ್ತೆ ಕಡ್ಡಿ ಮುರಿದಂತೆ ಹೇಳಿದ್ದಳು: "ಗಂಟಲು ನೋಡಿ ಯಾರೋ ಮಗಳನ್ನ ಕೊಡ್ತಾರೆ? ಕೆಲ್ಸ ಕಾಯಂ ಮಾಡ್ಕೊಂಡು ಬಾ." ಕಾಯಂ ಆಗಬೇಕಾದರೆ ಒಂದು ಪೇಟೆಯಾದರೂ ನಲವತ್ತು ದಾಟಬೇಕು.

ಅವನ ಪಾಲಿಗೆ ಬಂದದ್ದು ಬಕೆಟ್ ಬೀದಿ. ಹನ್ನೆರಡು ಅಂಗಡಿ, ಹನ್ನೆರಡು ಬಣ್ಣದ ಬೋರ್ಡು, ಹಿಂದೆ ಒಂದೇ ಗೋದಾಮು. ಮೊದಲನೇ ಅಂಗಡಿಯಲ್ಲಿ ಬೆಲೆ ಕೇಳಿ ಎರಡನೆಯದಕ್ಕೆ ಹೋದರೆ, ಅದೇ ಮನುಷ್ಯ ಹಿಂಬಾಗಿಲಿನಿಂದ ಏದುಸಿರು ಬಿಡುತ್ತಾ ಬಂದು, ಬೇರೆ ಟೋಪಿ ಹಾಕಿಕೊಂಡು, ಅದೇ ಬೆಲೆ ಹೇಳಿದ.

"ನಿನ್ನ ಈಗ್ತಾನೆ ಆ ಅಂಗಡೀಲಿ ನೋಡಿದ್ನಲ್ಲ?"

"ಅವನು ನನ್ನ ಎದುರಾಳಿ ಸ್ವಾಮಿ. ಅವನ ಮುಖ ಕಂಡ್ರೇ ನನಗಾಗಲ್ಲ."

ಕೂಗುವವರು ಯಾರೂ ಇರಲಿಲ್ಲ. ಎದುರಿನ ಗೋಡೆಯ ಬುಡದಲ್ಲಿ ಒಬ್ಬ ಅಜ್ಜಿ ಅಂಥದೇ ಬಕೆಟ್ಟುಗಳನ್ನು ಅರ್ಧ ಬೆಲೆಗೆ, ತುಟಿ ಬಿಚ್ಚದೆ ಮಾರುತ್ತಿದ್ದಳು. ಜನ ಸಾಲು ನಿಂತಿದ್ದರು. ಮುಳ್ಳು ಸೊನ್ನೆಯಲ್ಲೇ ನಿದ್ದೆ ಹೊಡೆಯುತ್ತಿತ್ತು.

"ಹನ್ನೆರಡಕ್ಕೂ ಒಬ್ಬನೇ ಯಜಮಾನ ಸಾರ್," ಎಂದು ಕಹಳೆ ವರದಿ ಒಪ್ಪಿಸಿದ.

ಮೇಲಧಿಕಾರಿ ಕನ್ನಡಕ ಏರಿಸಿದರು. "ಫಾರಮ್ಮಲ್ಲಿ ಯಜಮಾನ ಅನ್ನೋ ಕಾಲಂ ಇದೆಯೇನಪ್ಪಾ?"

"ಇಲ್ಲ ಸಾರ್."

"ಹಾಗಾದ್ರೆ ಯಜಮಾನ ಇಲ್ಲ. ಕೂಗು ಅಂತ ಇದೆ, ಅದನ್ನ ತುಂಬು. ಯಾರು ಕೂಗ್ಬೇಕು ಅಂತೇನೂ ಬರೆದಿಲ್ಲ ನೋಡು."

ಮರುದಿನ ಕಹಳೆ ನಡುಬೀದಿಯಲ್ಲಿ ಎದೆಯುಬ್ಬಿಸಿ ನಿಂತು, "ಬಕೇಏಏಟ್!" ಎಂದ. ಐದನೇ ಅಂಗಡಿಯ ಟೋಪಿ ನೆಲಕ್ಕೆ ಬಿತ್ತು. ಮುಳ್ಳು ಎಂಬತ್ತೆಂಟಕ್ಕೆ ಹಾರಿತು. ಇಲಾಖೆ ಹುಟ್ಟಿದಾಗಿನಿಂದ ಅಂಥ ಪೈಪೋಟಿಯನ್ನು ಯಾರೂ ಕಂಡಿರಲಿಲ್ಲ. ಅಷ್ಟಕ್ಕೆ ಬಿಡುವ ಗಂಡೇ ಅವನು? ತನ್ನ ದಾಖಲೆಯನ್ನು ತಾನೇ ಮುರಿದು ತೊಂಬತ್ತೆರಡು ಮಾಡಿದ.

ಅಜ್ಜಿ ಚೊಂಬಿನಲ್ಲಿ ನೀರು ತಂದಳು. "ಯಾಕೋ ಮಗಾ ಹೀಗೆ ಗಂಟಲು ಹರ್ಕೊಳ್ತೀಯ? ನಾನು ಅರ್ಧಕ್ಕೆ ಕೊಡ್ತೀನಲ್ಲ, ಅದು ಪೈಪೋಟಿ ಅಲ್ವಾ?"

"ಅದು ಮುಳ್ಳಿಗೆ ಕೇಳ್ಸಲ್ಲ ಅಜ್ಜಿ."

"ಗಿರಾಕಿಗೆ ಕೇಳ್ಸುತ್ತಲ್ಲೋ."

ಕಹಳೆ ನೀರು ಕುಡಿದ. ಅದಕ್ಕೂ ಕಾಲಂ ಇರಲಿಲ್ಲ.

ವಾರದೊಳಗೆ ಪ್ರಕಟಣೆ ಹೊರಟಿತು: "ಬಕೆಟ್ ಬೀದಿಯಲ್ಲಿ ತೀವ್ರ ಪೈಪೋಟಿ ಕಂಡುಬಂದಿದ್ದು, ಸದರಿ ಪೈಪೋಟಿಗೆ ಮೌನದಿಂದ ಭಂಗ ತರುತ್ತಿರುವ ವೃದ್ಧೆಯು ಕೂಡಲೇ ಜಾಗ ತೆರವು ಮಾಡತಕ್ಕದ್ದು." ಅಹವಾಲು ಹೇಳಿಕೊಳ್ಳಲು ಅಜ್ಜಿಗೂ ಒಂದು ಅವಕಾಶ ಕೊಡಲಾಯಿತು. ಅವಳು ಮಾಪಕದ ಮುಂದೆ ಕೂಗಿದಳು. ಮೂರು ಬಂತು. ಅವಳ ಬಕೆಟ್ಟುಗಳನ್ನು ಕಹಳೆಯೇ ಕೈಗಾಡಿಗೆ ಹೇರಿದ. ಆ ಹೊತ್ತಿನಲ್ಲಿ ಮಾಪಕ ಅವನ ಹೆಗಲಲ್ಲೇ ನೇತಾಡುತ್ತಿತ್ತು, ಸೊನ್ನೆ ತೋರಿಸಿತು.

ಅಂಗಡಿಗಳು ಬೆಲೆ ಏರಿಸಿದವು, ಹನ್ನೆರಡೂ ಒಂದೇ ಗಳಿಗೆಯಲ್ಲಿ. ಟೋಪಿಯವನು ಕಹಳೆಯ ಕೈ ಕುಲುಕಿದ: "ನೀವು ಬಂದ್ಮೇಲೆ ವ್ಯಾಪಾರಕ್ಕೆ ಒಂದು ಜಿದ್ದು ಬಂತು ಸ್ವಾಮಿ." ಜನರೂ, ಇಷ್ಟೊಂದು ಪೈಪೋಟಿ ಇರೋ ಕಡೆ ಬೆಲೆ ಸರಿಯಾಗೇ ಇರುತ್ತೆ ಬಿಡಿ ಎಂದು ಬಕೆಟ್ಟು ಕೊಂಡರು. ಆದರೆ ಕಹಳೆ ಆಚೆ ಹೋದರೆ ಪೈಪೋಟಿಯೂ ಹೋಗುತ್ತದೆಂದು ಮನಗಂಡ ಇಲಾಖೆ ಅವನನ್ನು ಅಲ್ಲೇ ಕಾಯಂ ಮಾಡಿತು.

"ಏನು ಕೆಲ್ಸವೋ ಅದು?" ಅತ್ತೆ ಕೇಳಿದಳು.

"ಕೂಗೋದು."

"ಕಾಯಂ ತಾನೇ?"

"ಕಾಯಂ."

"ಹಾಗಾದ್ರೆ ಸರಿ."

ಕೊನೆಗೆ ಅವನಿಗೆ ಕೊಟ್ಟದ್ದು ಅಜ್ಜಿ ಕೂರುತ್ತಿದ್ದ ಜಾಗ, ಒಂದು ಮರದ ಸ್ಟೂಲು, ಮತ್ತು ಹುದ್ದೆ ಎಂಬಲ್ಲಿ "ಪೈಪೋಟಿ" ಎಂದು ಬರೆದಿದ್ದ ಒಂದು ಗುರುತಿನ ಚೀಟಿ.