ರೊಟ್ಟಿ ಅಂಗಡಿಗೆ ಇಂಗ್ಲಿಷ್ ಬೋರ್ಡು

ನನ್ನ ಇಂಗ್ಲಿಷಿನ ಬಗ್ಗೆ ನನಗೆ ಎಂದೂ ಅನುಮಾನ ಇರಲಿಲ್ಲ. ಔಷಧದ ಬಾಟಲಿ, ಬೀಜದ ಚೀಲ, ಲಾರಿಯ ಬೆನ್ನು, ಎಲ್ಲವನ್ನೂ ತಡವರಿಸದೆ ಓದುತ್ತೇನೆ. ಹೀಗಾಗಿ ಯರಗಟ್ಟಿಯ ನಮ್ಮ ರೊಟ್ಟಿ ಅಂಗಡಿಗೆ ಇಂಗ್ಲಿಷ್ ಬೋರ್ಡು ಬೇಕೆಂದಾಗ ಆ ಜವಾಬ್ದಾರಿ ನನ್ನ ಹೆಗಲೇರಿತು. ಯಾರೂ ಏರಿಸಲಿಲ್ಲ. ನಾನೇ ಏರಿಸಿಕೊಂಡೆ!

ಅಂಗಡಿ ನನ್ನದಲ್ಲ. ನನ್ನ ಹೆಂಡತಿ ಶಾಂತಾ ಮತ್ತು ಅವಳ ತಂಗಿ ಸುವರ್ಣಾ ಕೂಡಿ ಶುರು ಮಾಡಿದ್ದು. ಇಬ್ಬರೂ ಎದುರುಬದುರು ಕುಳಿತು ರೊಟ್ಟಿ ಬಡಿಯುತ್ತಿದ್ದರು. ಒಬ್ಬಳ ಕೈ ಎದ್ದಾಗ ಇನ್ನೊಬ್ಬಳ ಕೈ ಇಳಿಯುತ್ತಿತ್ತು. ಶಾಂತಾ ಹೋಗಿ ವರ್ಷವಾಯಿತು. ಈಗ ಒಳಗಿನಿಂದ ಒಂದೇ ಸಪ್ಪಳ. ನಾನು ಹೊರಗೆ ಕುಳಿತು ರೊಟ್ಟಿ ಕಟ್ಟಿಕೊಡುತ್ತೇನೆ.

ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಕಾರುಗಳು ನಮ್ಮ ಮುಂದೆ ನಿಲ್ಲುತ್ತಿರಲಿಲ್ಲ. ಇಂಗ್ಲಿಷ್ ಬೋರ್ಡು ಹಾಕಿದರೆ ನಿಲ್ಲುತ್ತವೆ ಎಂದವಳು ಶಾಂತಾಳೇ. ಹೆಸರನ್ನೂ ಅವಳೇ ಇಟ್ಟಿದ್ದಳು, ‘ಸಿಸ್ಟರ್ಸ್ ರೊಟ್ಟಿ’ ಎಂದು. ಬೋರ್ಡು ಬರೆಸುವಷ್ಟರಲ್ಲಿ ಕಾಯಿಲೆ ಬಂತು.

ಸುವರ್ಣಾ ನನಗೆ ಹೇಳಿದ್ದು ಒಂದೇ ಮಾತು. “ಮಾಮಾ, ಇಂಗ್ಲಿಷ್ ನೀವು ನೋಡ್ಕೋರಿ. ಬೋರ್ಡಿನ್ಯಾಗ ಅಕ್ಕ ಇರಬೇಕು, ಅಷ್ಟ.”

“ಇರತಾಳ ಬಿಡವಾ,” ಎಂದೆ.

ಹಳದಿ ತಗಡಿನ ಮೇಲೆ ಕೆಂಪು ಅಕ್ಷರ. ಪೇಂಟರ್ ಅರ್ಧ ಬರೆದು ನಿಲ್ಲಿಸಿ, ‘ಸಿಸ್ಟರ್ಸ್’ನ ಕೊನೆಯ ಎಸ್ ಹತ್ತಿರ ಮೇಲೊಂದು ಕೊಕ್ಕೆ ಹಾಕುತ್ತಾರಲ್ಲ, ಅದು ಎಡಕ್ಕೋ ಬಲಕ್ಕೋ ಎಂದು ಕೇಳಿದ. ಆ ಕೊಕ್ಕೆಯ ಬಗ್ಗೆ ನಾನು ಜೀವಮಾನದಲ್ಲಿ ಯೋಚಿಸಿರಲಿಲ್ಲ. ಆದರೆ ತಿಳಿದವರು ತಡಮಾಡಬಾರದು. “ಎಡಕ್ಕ,” ಎಂದೆ.

ಬೋರ್ಡು ಏರಿತು. ಸಂಜೆ ರೊಟ್ಟಿಗೆ ಬಂದ ನಿವೃತ್ತ ಇಂಗ್ಲಿಷ್ ಮಾಸ್ತರರು ಅದನ್ನು ಬಹಳ ಹೊತ್ತು ನೋಡುತ್ತ ನಿಂತರು. ಮೆಚ್ಚುತ್ತಿದ್ದಾರೆ ಎಂದುಕೊಂಡು ನಾನು ಶೇಂಗಾ ಚಟ್ನಿ ಸ್ವಲ್ಪ ಜಾಸ್ತಿಯೇ ಕಟ್ಟಿದೆ.

“ಏನ್ರೀ, ಈ ಅಂಗಡಿ ಒಬ್ಬಾಕಿದೋ, ಇಬ್ಬರದೋ?”

“ಇಬ್ಬರದರಿ ಸರ್.”

“ಬೋರ್ಡ ಒಬ್ಬಾಕಿದು ಅನ್ನಾಕತ್ತೈತಿ.”

ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ಪಾಠ ಮಾಡಿದರು. ಕೊಕ್ಕೆ ಎಸ್‌ನ ಎಡಕ್ಕಿದ್ದರೆ ವಸ್ತು ಒಬ್ಬರದು, ಬಲಕ್ಕಿದ್ದರೆ ಹಲವರದು. ರೈತರ ಸಂತೆ ಎನ್ನುವಾಗ ಎಡಕ್ಕೆ ಹಾಕಿದರೆ ಇಡೀ ಸಂತೆಯಲ್ಲಿ ಒಬ್ಬನೇ ರೈತ ಕುಳಿತಿರುತ್ತಾನಂತೆ. ಹುಡುಗಿಯರ ಹಾಸ್ಟೆಲಿನಲ್ಲಿ ಅಷ್ಟೂ ಕೋಣೆಗೆ ಒಬ್ಬಳೇ ಹುಡುಗಿ! ಎತ್ತುಗಳ ಗೆಜ್ಜೆ ಎನ್ನಲು ಹೋಗಿ ತಪ್ಪಿದರೆ ಜೋಡಿಯ ಗೆಜ್ಜೆಯನ್ನೆಲ್ಲ ಒಂದೇ ಎತ್ತು ಹೊತ್ತುಕೊಂಡು ತಿರುಗಬೇಕು. ನಾನು ಎತ್ತಿನ ಹಾಗೆಯೇ ತಲೆಯಾಡಿಸಿದೆ.

ಮಾಸ್ತರರು ಹೋದ ಮೇಲೆ ಗೊತ್ತಾಯಿತು, ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಸುವರ್ಣಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

“ಒಬ್ಬಾಕಿ ಅಂದ್ರ ಯಾರು ಮಾಮಾ? ಇದ್ದಾಕಿನೋ, ಹೋದಾಕಿನೋ?”

ನಾನು ಕೂಡಲೇ ಪೇಂಟರನಿಗೆ ಫೋನ್ ಹಚ್ಚಿದೆ.

ಪೇಂಟರ್ ಉಗರಗೋಳದಲ್ಲಿ ಯಾವುದೋ ಗೋಡೆ ಹಿಡಿದುಕೊಂಡು ಕುಳಿತಿದ್ದ. ಅವನು ಬರುವವರೆಗೆ ಶಾಂತಾಳನ್ನು ಬೋರ್ಡಿನ ಹೊರಗೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಅದೂ ಅಲ್ಲದೆ ಒಂದು ಕೊಕ್ಕೆ, ಎಷ್ಟು ದೊಡ್ಡ ಕೆಲಸ? ಬೆಳಗಾಗುತ್ತಲೇ ಏಣಿ ತಂದೆ.

ಮೊದಲು ಎಡದ ಕೊಕ್ಕೆಯನ್ನು ಚಾಕುವಿನಿಂದ ಕೆರೆದೆ. ಕೊಕ್ಕೆಯ ಜೊತೆ ಹಳದಿಯೂ ಎದ್ದು ಬಂತು. ಒಳಗಿನ ತಗಡು ಅದೇ ಕೊಕ್ಕೆಯ ಆಕಾರದಲ್ಲಿ ಬಿಸಿಲಿಗೆ ಮಿಂಚತೊಡಗಿತು. ಮೊದಲು ಮಾಸ್ತರರಿಗೆ ಮಾತ್ರ ಕಾಣುತ್ತಿದ್ದ ತಪ್ಪು ಈಗ ಬಸ್‌ಸ್ಟ್ಯಾಂಡಿಗೂ ಕಾಣುತ್ತಿತ್ತು! ಮುಚ್ಚಲು ಹಳದಿ ಬಣ್ಣ ತಂದೆ. ಡಬ್ಬಿಯಲ್ಲಿ ಹಳದಿಯಾಗಿದ್ದ ಬಣ್ಣ ಬೋರ್ಡಿನ ಮೇಲೆ ಕುಂಬಳಕಾಯಿಯ ತಿರುಳಿನಂತಾಯಿತು.

ಇರಲಿ ಎಂದು ಬಲಕ್ಕೆ ಹೊರಳಿದೆ. ಶಾಂತಾಳ ಪಾಲಿನ ಕೊಕ್ಕೆ, ಜಿಪುಣತನ ಬೇಡವೆಂದು ಕುಂಚವನ್ನು ಕೆಂಪು ಬಣ್ಣದ ಡಬ್ಬಿಯಲ್ಲಿ ಪೂರ್ತಿ ಮುಳುಗಿಸಿದೆ. ನಾನು ಏಣಿ ಇಳಿಯುವ ಮೊದಲೇ ಕೊಕ್ಕೆ ಇಳಿಯಿತು. ಉದ್ದಕ್ಕೆ ಹರಿದು, ಎಸ್ ಪಕ್ಕದಲ್ಲಿ ಬ್ಯಾಡಗಿ ಮೆಣಸಿನಕಾಯಿ ತೂಗುಹಾಕಿದಂತೆ ನಿಂತಿತು. ಮತ್ತೆ ಏಣಿ ಹತ್ತಿ, ಬಟ್ಟೆಯಿಂದ ಒರೆಸಿದೆ. ಎಸ್‌ನ ಅರ್ಧ ಬಟ್ಟೆಗೆ ಬಂತು, ಮೆಣಸಿನಕಾಯಿ ಮಾತ್ರ ಅಲ್ಲೇ ಉಳಿಯಿತು.

ಕೆಳಗೆ ಮಾಸ್ತರರು ನಿಂತಿದ್ದರು. “ಈಗ ಅಂಗಡಿ ಯಾರದೂ ಅಲ್ಲ ನೋಡ್ರಿ,” ಎಂದರು.

ಮರುದಿನ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೆ ನಮ್ಮಲ್ಲಿ ಅಂಗಡಿ ತೊಳೆದು, ರೊಟ್ಟಿ ಬೇಯಿಸುವ ಹಂಚಿಗೆ, ತಕ್ಕಡಿಗೆ, ಶಟರಿಗೆ ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಸುವರ್ಣಾ ಎಲ್ಲ ಮುಗಿಸಿ, ಏಣಿ ಹಿಡಿಯಿರಿ ಎಂದಳು. ಬೋರ್ಡನ್ನು ತೆಗೆದುಬಿಡುತ್ತಾಳೆ ಎಂದೇ ನಾನು ತಿಳಿದೆ.

ಅವಳು ಏಣಿ ಹತ್ತಿ, ಬೆರಳನ್ನು ಕುಂಕುಮದಲ್ಲಿ ಅದ್ದಿ ಎಸ್‌ನ ಎಡಕ್ಕಿದ್ದ ಕುಂಬಳಕಾಯಿ ಬಣ್ಣದ ಮೇಲೆ ಒತ್ತಿದಳು. ಮತ್ತೆ ಅದ್ದಿ ಬಲಕ್ಕಿದ್ದ ಮೆಣಸಿನಕಾಯಿಯ ನೆತ್ತಿಗೆ ಒತ್ತಿದಳು.

“ಒಂದು ಅಕ್ಕಂದು, ಒಂದು ನಂದು.”

ನಾನು ಏಣಿ ಗಟ್ಟಿಯಾಗಿ ಹಿಡಿದುಕೊಂಡೆ. ಸಂಜೆ ಮಾಸ್ತರರು ಬಂದು ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಕುಂಕುಮವನ್ನು ಯಾರು ತಿದ್ದುತ್ತಾರೆ? ಕೈ ಮುಗಿದು, ರೊಟ್ಟಿ ತೆಗೆದುಕೊಂಡು ಹೋದರು.

ಒಂದೇ ತೊಂದರೆ. ಗಾಳಿಗೆ ಬೊಟ್ಟು ನಿಲ್ಲುವುದಿಲ್ಲ. ಸುವರ್ಣಾಳಿಗೆ ಮೊಣಕಾಲು ನೋವು, ಹೀಗಾಗಿ ದಿನಾ ಬೆಳಿಗ್ಗೆ ಹಚ್ಚುವ ಕೆಲಸ ನನ್ನದು.

ಈಗ ಕಾರುಗಳು ನಿಲ್ಲುತ್ತವೆ. ಎಲ್ಲ ನನ್ನ ಇಂಗ್ಲಿಷಿನ ಪ್ರಭಾವ ಎಂದು ಒಳಗೊಳಗೇ ಬೀಗುತ್ತಿದ್ದೆ. ಮೊನ್ನೆ ಸುವರ್ಣಾ ಫೋನಿನಲ್ಲಿ ಯಾರಿಗೋ ದಾರಿ ಹೇಳುವುದು ಕೇಳಿಸಿತು.

“ಬೋರ್ಡ ಓದಾಕ ಹೋಗಬ್ಯಾಡ್ರಿ, ತಿಳಿಯಂಗಿಲ್ಲ. ಒಬ್ಬರು ಹಿರೇರು ಏಣಿ ಹತ್ತಿ ನಿಂತಿರತಾರ. ಅದ ನಮ್ಮ ಅಂಗಡಿ.”

ಆಗ ನಾನು ಏಣಿಯ ಮೇಲೇ ಇದ್ದೆ.