ಎರಡನೇ ಸಲ ಕೇಳುವ ಅಜ್ಜಿ

ನನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ನೋಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇದೆ. ಇದುವರೆಗೆ ಅದು ಹಾಗೆ ಕಂಡದ್ದು ನನ್ನ ಮದುವೆಯ ಕರೆಯೋಲೆಯಲ್ಲಿ ಮಾತ್ರ, ಅಲ್ಲೂ ಅರ್ಧ ಜಾಗ ಹೆಂಡತಿಯ ಪಾಲಾಯಿತು. ಹಾಗಾಗಿ ಯಶವಂತಪುರದ ನಮ್ಮ ಆಫೀಸಿನ ಮಂಜು ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಾ, “ಗುರು, ನಾವೇ ಒಂದ್ ಗೇಮ್ ಮಾಡೋಣ ಕಣೋ. ಕಥೆ ನೀನ್ ಬರಿ” ಎಂದಾಗ ನನಗೆ ಮೊದಲು ಹೊಳೆದದ್ದು ಕಥೆಯಲ್ಲ, ಹೆಸರು.

ಗೇಮ್ ಎಂದರೆ ಓಡುವುದು, ಹೊಡೆಯುವುದು ಅಲ್ಲ. ವಿಷುವಲ್ ನಾವೆಲ್ ಅಂತೆ. ಪರದೆಯ ಮೇಲೆ ಚಿತ್ರ, ಕೆಳಗೆ ಮಾತು. ಓದುತ್ತಾ ಹೋದರೆ ಅಲ್ಲಲ್ಲಿ ‘ಈಗ ಏನು ಮಾಡುತ್ತೀರಿ?’ ಎಂದು ಕೇಳುತ್ತದೆ. ನಾವು ಒತ್ತಿದ ಉತ್ತರದಂತೆ ಕಥೆ ತಿರುಗುತ್ತದೆ. ಕೋಗಿಲು ಬಡಾವಣೆಯಿಂದ ಬರುವ ಮಂಜುವೇ ಕೋಡ್ ಬರೆದ. ನಮ್ಮ ಜೊತೆಗೇ ಕೆಲಸ ಮಾಡುವ ತಣಿಸಂದ್ರದ ಶ್ರುತಿ ಚಿತ್ರ ಬರೆದಳು. ಆರು ತಿಂಗಳ ಭಾನುವಾರಗಳೆಲ್ಲ ಬಾಗಲಗುಂಟೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಳೆದವು. ನಮ್ಮ ಆಟದಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಬಂದವನೊಬ್ಬ ಬಾಗಿಲು ತಟ್ಟುತ್ತಾನೆ. ಅಜ್ಜಿಯೊಬ್ಬಳು ‘ಕಾಫಿ ಕುಡೀತೀಯಾ?’ ಎನ್ನುತ್ತಾಳೆ. ಹೂಂ ಎಂದರೆ ಎರಡು ಗಂಟೆಯ ಕಥೆ. ಬೇಡ ಎಂದರೆ ಬಾಗಿಲು ಮುಚ್ಚಿ ಆಟ ಮುಗಿಯುತ್ತದೆ. ಬೇಡ ಎನ್ನುವವರು ಯಾರಿದ್ದಾರೆ ಎಂದುಕೊಂಡಿದ್ದೆವು.

ಮೊದಲು ಆಡಿದವಳು ನಮ್ಮವ್ವ. ಗದಗಿನ ಕಡೆಯವಳು. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿ, ‘ಬೇಡ’ ಒತ್ತಿದಳು. ಆಟ ಮುಗಿಯಿತು.

“ಇಷ್ಟ ಏನೋ? ಆರು ತಿಂಗಳು ಕುಂತು ಇದನ್ನ ಮಾಡೀರೇನು?”

“ಬ್ಯಾಡ ಯಾಕಂದೀ ಅವ್ವಾ?”

“ಮೊದಲನೇ ಸಲ ಕೇಳಿದ ಕೂಡ್ಲೇ ಹೂಂ ಅನ್ನಾಕ ನಾಚ್ಕಿ ಬ್ಯಾಡೇನು? ಆಕಿ ಇನ್ನೊಮ್ಮೆ ಕೇಳ್ಬೇಕಾಗಿತ್ತು. ಅದ್ಯಾವ ಸೀಮಿ ಮುದುಕಿ!”

ಮಂಜು ತಲೆ ಕೆರೆದುಕೊಂಡ. “ಬೇಡ ಅಂದ್ರೆ ಬೇಡ ಅಷ್ಟೇ ಅಲ್ವಾ? ಕಂಪ್ಯೂಟರ್‌ಗೆ ದಾಕ್ಷಿಣ್ಯ ಎಲ್ಲಿಂದ ತರ್ಲಿ?” ಆದರೂ ಎರಡು ವಾರ ಒದ್ದಾಡಿ ತಂದ. ಈಗ ನಮ್ಮ ಅಜ್ಜಿ ಎರಡನೇ ಸಲ ಕೇಳುತ್ತಾಳೆ, ಮೂರನೆಯ ಸಲ ಕೇಳದೆಯೇ ಲೋಟ ತಂದು ಕೈಗಿಡುತ್ತಾಳೆ. ಅವಳ ಮಾತನ್ನೆಲ್ಲ ಅವ್ವನೇ ಹೇಳಿ ಬರೆಸಿದಳು. ಶ್ರುತಿ ಅಜ್ಜಿಗೆ ಅವ್ವನ ಮೂಗನ್ನೇ ಇಟ್ಟಳು. ಆಡಿದವರೆಲ್ಲ ನಾನು ಬೆವರು ಸುರಿಸಿ ಬರೆದ ಕ್ಲೈಮ್ಯಾಕ್ಸ್ ಬಿಟ್ಟು ಆ ಕಾಫಿಯನ್ನೇ ಹೊಗಳಿದರು. ಶ್ರುತಿಯ ಪಕ್ಕದ ಫ್ಲ್ಯಾಟಿನಾಕೆಯಂತೂ ಲೋಟ ಬರುವ ಜಾಗದಲ್ಲಿ ತನ್ನ ತಾಯಿಗೆ ಫೋನ್ ಮಾಡಿದಳಂತೆ. ಇದನ್ನು ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ದಿನ ಸಿಕ್ಕವರಿಗೆಲ್ಲ ಹೇಳಿದೆ. ಹೆಬ್ಬಾಳದ ಸಿಗ್ನಲ್‌ನಲ್ಲಿ ಬಸ್ಸಿನ ಪಕ್ಕದ ಸೀಟಿನವರಿಗೂ ಹೇಳಿದೆ.

ಒಂದು ವಿಷಯ ಮಾತ್ರ ಅವರಿಗೆ ಹೇಳಲಿಲ್ಲ. ಆಟ ಬಿಡುಗಡೆ ಮಾಡುವ ದಿನ ಶ್ರುತಿ, “ಮೊದಲನೇ ಸ್ಕ್ರೀನಲ್ಲಿ ನಿಮ್ಮ ಹೆಸರು ದೊಡ್ಡದಾಗಿ ಹಾಕೋಣ್ವಾ?” ಎಂದು ಕೇಳಿದ್ದಳು. ನಾನು ಸಭ್ಯನಾಗಿ, “ಅಯ್ಯೋ, ನಂದೆಲ್ಲ ಯಾಕೆ, ಬೇಡ ಬಿಡಿ” ಎಂದು ನೆಲ ನೋಡುತ್ತಾ ನಿಂತೆ. “ಓಕೆ ಹಾಗಾದ್ರೆ” ಎಂದು ಮಂಜು ಗುಂಡಿ ಒತ್ತಿಯೇಬಿಟ್ಟ. ಈಗ ಮೊದಲ ಪರದೆಯಲ್ಲಿ ‘ಅಜ್ಜಿಯ ಮಾತು’ ಎಂದು ಅವ್ವನ ಹೆಸರು ಢಾಳಾಗಿದೆ. ನನ್ನದು ಕಟ್ಟಕಡೆಗೆ, ಎರಡು ಗಂಟೆ ಆಡಿದವರಿಗೆ ಮಾತ್ರ ಕಾಣುವಂತೆ. ಅವ್ವ ಅಲ್ಲಿಯವರೆಗೂ ಆಡಿ, ಕನ್ನಡಕ ಒರೆಸಿ ಅದನ್ನು ಹುಡುಕಿದಳು.

“ಯಾಕೋ ಇಷ್ಟು ಸಣ್ಣದು?”

“ಬ್ಯಾಡ ಅಂದಿದ್ದೆ.”

“ಅವ್ರು ಇನ್ನೊಮ್ಮೆ ಕೇಳ್ಲಿಲ್ಲೇನು?”

ಇಲ್ಲ. ಕಂಪ್ಯೂಟರಿಗೆ ಕಲಿಸಿದ್ದನ್ನು ಮಂಜುವಿಗೆ ಕಲಿಸಲು ಮರೆತಿದ್ದೆವು.