ಗಿಟಾರಿನ ಹಾಡಿಗೆ ಸಣ್ಣಜ್ಜ ದನಿ ಕೂಡಿಸಿದ್ದು

ಲೋಕದ ಜನ ಹಾಡನ್ನು ಕಿವಿಯಿಂದ ಕೇಳುತ್ತಾರೆ, ನಿಮ್ಮ ಸಣ್ಣಜ್ಜ ಬಾಯಿಯಿಂದ ಕೇಳುತ್ತಾರೆ! ನಂಬಿಕೆ ಬಾರದಿದ್ದರೆ, ಮೊಮ್ಮಕ್ಕಳೇ, ಮುರಗೋಡದ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ನಾನು ಹೇಳಿದೆನೆಂದು ಮಾತ್ರ ಹೇಳಬೇಡಿ. ಅವರು ನನ್ನ ಮೈದುನ, ನಿಮ್ಮ ಅಜ್ಜನ ಬೆನ್ನಿಗೆ ಹುಟ್ಟಿದವರು. ಎದುರಿಗೆ ನಿಂತು ಇಂಥ ಮಾತು ಆಡುವ ಧೈರ್ಯ ನನಗೆಲ್ಲಿದೆ? ಬರೆಯುವುದಾದರೆ ಬರೆದೇನು.

ತಪ್ಪು ಅವರದೂ ಅಲ್ಲ ಬಿಡಿ, ಭಜನೆಯದು. ನಮ್ಮ ಕಡೆ ಭಜನೆಯಲ್ಲಿ ಮುಂದಿನವರು ಒಂದು ಸಾಲು ಹಾಡಿದರೆ ಹಿಂದಿನವರು ಅದನ್ನೇ ತಿರುಗಿ ಹಾಡಬೇಕು. ಸುಮ್ಮನೆ ಕುಳಿತರೆ ಮುಂದಿನವರಿಗೆ ಅವಮಾನ. ಸಣ್ಣಜ್ಜ ಹುಡುಗರಾಗಿದ್ದಾಗಿನಿಂದಲೂ ಹಿಂದಿನವರು. ಆ ರೂಢಿ ಎಷ್ಟು ಗಟ್ಟಿಯಾಗಿದೆಯೆಂದರೆ, ಯಾರು ಎಲ್ಲಿ ಏನು ಹಾಡಿದರೂ ದನಿ ಕೂಡಿಸಿಬಿಡುತ್ತಾರೆ. ಬೆಳಿಗ್ಗೆ ಕಸದ ಗಾಡಿ ಬರುತ್ತದಲ್ಲ, ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಹಾಡು ಹಚ್ಚಿಕೊಂಡು? ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, “ಒಣ ಕಸಾ ಬ್ಯಾರೇ...” ಎಂದು ಭಕ್ತಿಯಿಂದ ಎಳೆಯುತ್ತಾರೆ! ಡ್ರೈವರನೂ ಅವರ ಸಾಲು ಮುಗಿಯುವತನಕ ಗಾಡಿ ಮುಂದೆ ಬಿಡುವುದಿಲ್ಲ.

ಯರಗಟ್ಟಿಯ ಮದುವೆಯ ಕತೆ ಇನ್ನೂ ಚೆಂದ. ವೇದಿಕೆಯ ಮೇಲೆ ಮಿಂಚುವ ಸೀರೆಯುಟ್ಟ ಹುಡುಗಿಯೊಬ್ಬಳು ಪ್ರೀತಿ ಪ್ರೇಮದ ಹಾಡು ಹಾಡುತ್ತಿದ್ದಾಳೆ, ಮುಂದಿನ ಸಾಲಿನ ಕುರ್ಚಿಯಿಂದ ಸಣ್ಣಜ್ಜ ಒಂದೊಂದು ಸಾಲನ್ನೂ ತಿರುಗಿ ಹಾಡುತ್ತಿದ್ದಾರೆ! ಬೀಗರು ನಗು ತಡೆದುಕೊಂಡು ಬಂದು ಕೈ ಹಿಡಿದರು.

“ಏಳ್ರಿ ಅಜ್ಜಾರ, ಊಟಕ್ಕ ಹೋಗೂಣು.”

“ಅಕೀನ ಒಬ್ಬಾಕೀನ್ನ ಬಿಟ್ಟು ಹ್ಯಾಂಗ ಏಳ್ಲಿ? ಹಿಂದ ಯಾರದಾರ?”

ಇಂಥವರ ಕೈಗೆ ನಿಮ್ಮ ಹಿರಿಯಕ್ಕ ತನ್ನ ಹಾಡುಗಳನ್ನು ಕೊಟ್ಟಳು ನೋಡಿ!

ಅವಳು ಬೈಲಹೊಂಗಲದಲ್ಲಿ ಶಾಲೆಯ ಮಕ್ಕಳಿಗೆ ಕಲಿಸುತ್ತಾ ಬಿಡುವಿನಲ್ಲಿ ಹಾಡು ಬರೆಯುವುದು ನಿಮಗೆ ಗೊತ್ತು. ಕೋಣೆಯ ಕಿಟಕಿಗೆ ಕೌದಿ ಕಟ್ಟಿ, ಹೊರಗಿನ ಸದ್ದು ಬಾರದಂತೆ ಮಾಡಿಕೊಂಡು, ತಾನೇ ಗಿಟಾರ್ ಬಾರಿಸಿ, ತಾನೇ ಹಾಡಿ, ಎಂಟು ಹಾಡುಗಳ ಒಂದು ಆಲ್ಬಮ್ ಮಾಡಿದಳು. ಬೇರೆ ವಾದ್ಯವಿಲ್ಲ, ಕಂಪನಿಯಿಲ್ಲ. ಎಲ್ಲರ ಫೋನಿಗೂ ಕಳಿಸಿದಳು. ಜನ ಹೆಬ್ಬೆರಳಿನ ಚಿತ್ರ ಕಳಿಸಿದರು, ಕೈ ಮುಗಿದ ಚಿತ್ರ ಕಳಿಸಿದರು. “ಯಾವ ಹಾಡು ಚಲೋ ಅನಿಸ್ತು?” ಎಂದು ಕೇಳಿದರೆ “ಎಲ್ಲಾ!” ಎಂದರು. ಒಬ್ಬರಾದರೂ ಕೇಳಿದ್ದರೆ ತಾನೆ?

ಮುಖ ಸಣ್ಣದು ಮಾಡಿಕೊಂಡು ಒಂದು ರವಿವಾರ ಬೆನ್ನಿಗೆ ಗಿಟಾರ್ ಹಾಕಿಕೊಂಡೇ ಮುರಗೋಡಕ್ಕೆ ಬಂದಳು.

“ಆಯಿ, ಮನ್ಯಾಗ ಒಬ್ರರ ಪೂರಾ ಕೇಳಿ ಖರೆ ಹೇಳ್ರಿ. ಚಲೋ ಇಲ್ಲಂದ್ರ ಈ ಗಿಟಾರ್ ಯಾರಿಗರ ಕೊಟ್ಟಬಿಡತೇನಿ. ಇನ್ನ ಬರಿಯೂದಿಲ್ಲ.”

“ನಾ ಕೇಳಲೇನವಾ?”

“ನೀ ಬ್ಯಾಡ. ನಾ ಕೆಮ್ಮಿದ್ರೂ ಚಲೋ ಕೆಮ್ಮಿದಿ ಅಂತೀ! ಸಣ್ಣಜ್ಜಗ ಸುಳ್ಳು ಬರೂದಿಲ್ಲ, ಅವರು ಕೇಳಲಿ.”

ಸುಳ್ಳು ಬರುವುದಿಲ್ಲ, ನಿಜ. ಆದರೆ ಬಾಯಿ?

ಸಣ್ಣಜ್ಜ ಇನ್ನೊಮ್ಮೆ ಜಳಕ ಮಾಡಿ, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಸದ್ದು ಗಟ್ಟಿ ಬರಲೆಂದು ಫೋನನ್ನು ಹಿತ್ತಾಳೆಯ ಕೊಡದ ಬಾಯಿಗೆ ಆನಿಸಿ ನಿಲ್ಲಿಸಿದರು. ಫ್ಯಾನು ಬಂದ್. ಹುಡುಗಿ ನಾಚಿ ನನ್ನ ಜೊತೆ ಅಡಿಗೆಮನೆ ಸೇರಿದಳು. ಗಿಟಾರ್ ಸುರುವಾಯಿತು.

“ಏ ಹುಡುಗಿ, ನಡುನಡುವ ಕುಂಯ್ ಅಂತೈತಿ. ಇಲಿ ಹೊಕ್ಕೈತೇನು?”

“ಇಲಿ ಅಲ್ಲ ಸಣ್ಣಜ್ಜ! ತಂತಿ ಮ್ಯಾಲ ಬಟ್ಟು ಸರದದ್ದು.”

“ಹಂಗಾರ ಒಂದೀಟು ಕೊಬ್ರಿ ಎಣ್ಣಿ ಹಚ್ಚವಾ.”

ಮೊದಲ ಸಾಲು ಬಂತು. ಸಣ್ಣಜ್ಜ ಭಯಭಕ್ತಿಯಿಂದ ತಿರುಗಿ ಹಾಡಿದರು. ಫೋನಿನೊಳಗಿನ ಹುಡುಗಿ ಕಾಯುತ್ತಾಳೆಯೇ? ಎರಡನೆಯ ಸಾಲು ಬಂದು ಇವರ ಮೊದಲ ಸಾಲಿಗೆ ಡಿಕ್ಕಿ ಹೊಡೆಯಿತು.

“ಏನ್ ಅವಸರ ಐತಿ ಇಕೀಗೆ? ಬಸ್ಸು ಹೊಂಟೈತೇನು?” ಎಂದು ಗೊಣಗಿ, ಫೋನು ನಿಲ್ಲಿಸುವ ಗುಂಡಿ ಯಾವುದೆಂದು ಕೇಳಿ ತಿಳಿದುಕೊಂಡರು. ಅಷ್ಟೇ ಸಾಕಾಯಿತು! ಅವಳದೊಂದು ಸಾಲು, ಗುಂಡಿ; ಇವರದೊಂದು ಸಾಲು, ಗುಂಡಿ. ನಾನು ಒಲೆಯ ಮೇಲಿಟ್ಟ ಅನ್ನ ಬೆಂದು ಆರಿತು, ಎರಡನೆಯ ಹಾಡು ಮುಗಿದಿರಲಿಲ್ಲ.

ಅಷ್ಟರಲ್ಲಿ ಮಗ್ಗುಲ ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು, ಕೈಯಲ್ಲೊಂದು ಹೂವಿನ ಹಾರ ಹಿಡಿದು ಹಿತ್ತಲ ಬಾಗಿಲಿನಿಂದ ಓಡಿ ಬಂದಳು. ಅವಳನ್ನು ಅನ್ನುವಂತಿಲ್ಲ. ನಮ್ಮೂರಲ್ಲಿ ಹಾಡುಹಗಲೇ ಒಂದು ಮನೆಯಲ್ಲಿ ಭಜನೆ ಎದ್ದಿತೆಂದರೆ ಆ ಮನೆಯಲ್ಲಿ ಯಾರೋ ಹೋದರೆಂದೇ ಅರ್ಥ.

“ಯಾರು ಹೋದ್ರಿ ಯಕ್ಕಾ? ನಿನ್ನಿ ಸಂಜೀಕ ಎಲ್ಲಾರೂ ಚಲೋನ ಇದ್ರಲ್ಲರಿ!”

ನಾನು ನಗು ತಡೆಯಲಾಗದೆ ಒಲೆಯ ಕಡೆ ತಿರುಗಿದೆ. ಉತ್ತರ ಪಡಸಾಲೆಯಿಂದ ಬಂತು.

“ಯಾರೂ ಹೋಗಿಲ್ಲ. ಕುಂದರ ಬೇ, ಹಿಂದ ಒಂದು ದನಿ ಕಮ್ಮಿ ಬಿದ್ದೈತಿ.”

ಅವಳು ಕುಳಿತೇಬಿಟ್ಟಳು! ತಂದ ಹಾರ ಸುಮ್ಮನೆ ಬಾಡಬಾರದೆಂದು ಫೋನಿದ್ದ ಕೊಡಕ್ಕೆ ಹಾಕಿದಳು. ಈಗ ಎರಡು ದನಿ.

ನಾಲ್ಕನೆಯ ಹಾಡು ಮುಗಿಯುವ ಹೊತ್ತಿಗೆ ಹುಡುಗಿಯ ಕಣ್ಣಲ್ಲಿ ನೀರು ನಿಂತಿತು.

“ಸಾಕ್ ಆಯಿ. ಅವರು ಕೇಳವಲ್ರು, ಹಾಡಾಕತ್ತಾರ. ಎಲ್ಲಾರೂ ಹೆಬ್ಬಟ್ಟು ಒತ್ತಿದ್ರು, ಇವರು ಗುಂಡಿ ಒತ್ತಾಕತ್ತಾರ. ಅಷ್ಟ ಫರಕು. ನಾ ಹೊಂಟೆ.”

ಗಿಟಾರ್ ಬೆನ್ನಿಗೆ ಹಾಕಿಕೊಂಡು ಹೊರಟೇಬಿಟ್ಟಳು. ತಡೆಯಲೆಂದು ನಾನೂ ಹಿಂದೆ ಪಡಸಾಲೆಗೆ ಬಂದೆ. ಅಷ್ಟರಲ್ಲಿ ಐದನೆಯ ಹಾಡು ಸುರುವಾಗಿತ್ತು.

ಅಜ್ಜ ಕುಂತ ಕಟ್ಟಿ ಮ್ಯಾಲ
ಬಿಸಿಲು ಬಂದು ಕುಂತೈತಿ,
ಯಾರಿಗೂ ಏನೂ ಕೇಳದಂಗ
ಸಂಜೀಕ ಎದ್ದು ಹೋಗತೈತಿ.

ಸಣ್ಣಜ್ಜ ಗುಂಡಿ ಒತ್ತಿದರು. ಬಾಯಿ ತೆರೆದರು. ದನಿ ಬರಲಿಲ್ಲ. ಮಗ್ಗುಲ ಮನೆಯಾಕೆ “ಅಜ್ಜ ಕುಂತಾ...” ಎಂದು ಎತ್ತಿದವಳು ಅವರ ಮುಖ ನೋಡಿ ಅಲ್ಲಿಗೇ ಬಿಟ್ಟಳು.

ಮತ್ತೆ ಗುಂಡಿ ಒತ್ತಿದರು. ಹಾಡು ಮುಂದೆ ಹೋಯಿತು. ಆಮೇಲೆ ಅವರ ಬೆರಳು ಫೋನಿನ ಕಡೆ ಹೋಗಲೇ ಇಲ್ಲ. ಹಾಡು ಮುಗಿಯುವತನಕ ಬಾಯಿ ಮುಚ್ಚಿಕೊಂಡು, ತಲೆ ಬಾಗಿಸಿ ಕುಳಿತರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ಹಾಡು ನಡೆದಾಗ ಸುಮ್ಮನಿದ್ದದ್ದನ್ನು ಕಂಡದ್ದು ಅದೇ ಮೊದಲು.

“ವೈನಿ,” ಎಂದರು ನನಗೆ, “ಇದಕ್ಕ ಹಿಂದ ದನಿ ಕೂಡಸಾಕ ಬರೂದಿಲ್ಲರಿ. ಇದನ್ನ ಸುಮ್ನ ಕುಂತು ಕೇಳಬೇಕು.”

ಹುಡುಗಿ ಹೊಸ್ತಿಲ ಹತ್ತಿರ ನಿಂತೇ ಇದ್ದಳು. ಸಣ್ಣಜ್ಜ ಅವಳ ಕಡೆ ತಿರುಗಿದರು.

“ಖರೆ ಹೇಳ್ರಿ ಅಂದಿಯಲ್ಲವಾ? ನಮ್ಮಣ್ಣ ಹೋದ ಮ್ಯಾಲ ಆ ಕಟ್ಟಿ ಖಾಲಿ ಐತಿ ಅಂತ ತಿಳದಿದ್ದೆ ನಾ.”

ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು.

ಅವಳು ಹೊಸ್ತಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು. “ಇನ್ನ ಮೂರು ಹಾಡು ಅದಾವು ಸಣ್ಣಜ್ಜ. ಹಚ್ಚಲೇನು?”

“ಫೋನಿನ್ಯಾಗ ಬ್ಯಾಡ. ನೀನ ಹಾಡು, ಬಾ.”

ಕಂಬಳಿಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಅವಳು ಬೆನ್ನಿನಿಂದ ಗಿಟಾರ್ ಇಳಿಸಿ, ಚೀಲ ಬಿಚ್ಚಿ, ತಂತಿ ಹದ ಮಾಡಿಕೊಂಡು ಕುಳಿತಳು. ನಾನು ಚಹಾ ಇಡುವುದನ್ನೂ ಮರೆತು ಗೋಡೆಗೆ ಒರಗಿ ಕುಳಿತೆ. ಹೊರಗೆ ಕಟ್ಟೆಯ ಮೇಲಿನ ಬಿಸಿಲು ಎದ್ದು ಹೋಗುವತನಕ ಅವಳು ಹಾಡಿದಳು.